ಯಾವ ಪ್ರಾಂತ್ಯಕ್ಕೂ ಸೇರದ ಚಾವಡಿ

ಅನಘಾ, ತನ್ಮಯ, ನನ್ನ ಬಾಲ್ಯದ ಮನೆಯ ಬಗ್ಗೆ ಬರೆದುಕೊಡಿ ಎಂದು ನೀವಿಬ್ಬರೂ ಕೇಳಿದ್ದೀರಿ. ಬರೆಯಲು ಕುಳಿತರೆ ಕಣ್ಣಿಗೆ ಬರುವುದು ನಿಮ್ಮ ಬಾಲ್ಯದ ಮನೆ. ಬ್ರಹ್ಮಾವರದ ಹತ್ತಿರದ ನನ್ನ ತವರಿನಲ್ಲಿ ನಾನು ಕಲಿತದ್ದು ಬಾಗಿಲ ಸಂದಿಯಲ್ಲಿ ನಿಲ್ಲುವುದನ್ನು. ದೊಡ್ಡವರು ಚಾವಡಿಯಲ್ಲಿ ಮಾತಾಡುವಾಗ ಹೆಣ್ಣುಮಕ್ಕಳು ಒಳಗಿನಿಂದ ಕೇಳಿಸಿಕೊಳ್ಳಬೇಕು, ಅಷ್ಟೆ. ಊರಿನ ಶಾಲೆಯಲ್ಲೂ ಹಾಗೆಯೇ. ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಮದುವೆಯಾದ ಮೇಲೆ ನಿಮ್ಮ ಅಜ್ಜ ನನ್ನ ಮಾತನ್ನೂ ಸೇರಿಸಿ ಆಡುತ್ತಿದ್ದರು, ಹಾಗಾಗಿ ನನಗೆ ಕಷ್ಟವಾಗಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ನನ್ನನ್ನು ದುಬೈಗೆ ಕರೆಸಿಕೊಂಡರು. ಎಲ್ಲರ ಎದುರು ಬಾಯಿ ತೆರೆದು ನನ್ನದೇ ಒಂದು ಮಾತು ಹೇಳಲು ಕಲಿತದ್ದು ಬರ್ ದುಬೈಯ ಆ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ, ತಲೆ ನರೆತ ಮೇಲೆ. ಆದ್ದರಿಂದ ನಾನು ಬೆಳೆದ ಮನೆ ಎಂದರೆ ಅದೂ ಒಂದು.

ಆಗ ನಾವು ಏಳು ಜನ ಒಂದೇ ಮನೆಯಲ್ಲಿದ್ದೆವು ಎಂಬುದು ತನ್ಮಯನಿಗೆ ನೆನಪಿರಲಾರದು. ಬಾಗಿಲು ತೆರೆದರೆ ನೇರ ಚಾವಡಿ. ನೀವು ಹಾಲ್ ಎನ್ನುತ್ತಿದ್ದಿರಿ, ನನ್ನ ಬಾಯಿಗೆ ಅದು ಚಾವಡಿಯೇ. ಎಡಕ್ಕೆ ನನ್ನ ದೊಡ್ಡ ಮಗ ಜಯರಾಮ, ಸೊಸೆ ಶೋಭಾ, ಅನಘಾ ಮಲಗುವ ಕೋಣೆ. ಬಲಕ್ಕೆ ಚಿಕ್ಕವ ಗಣೇಶ, ವಿನುತಾ, ತನ್ಮಯನ ಕೋಣೆ. ಬಟ್ಟೆ ಒಣಗಿಸುವ ಬಾಲ್ಕನಿ ಒಂದೇ, ಅದಕ್ಕೆ ದಾರಿ ಗಣೇಶನ ಕೋಣೆಯೊಳಗಿಂದ. ನನ್ನ ಜಾಗ ಚಾವಡಿಯ ಸೋಫಾ. ಹಗಲು ಅದರ ಮೇಲೆ ಎಲ್ಲರೂ ಕೂರುತ್ತಿದ್ದರು, ಎಲ್ಲರೂ ಒಳಗೆ ಹೋದ ಮೇಲೆ ಅದು ನನ್ನ ಹಾಸಿಗೆಯಾಗುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಚಾದರ ಮಡಚಿ ದಿಂಬಿನೊಂದಿಗೆ ಸೋಫಾದ ಹಿಂದೆ ತಳ್ಳಿಬಿಟ್ಟರೆ ಅಲ್ಲಿ ಯಾರೋ ಮಲಗಿದ್ದರು ಎಂಬ ಗುರುತೇ ಇರುತ್ತಿರಲಿಲ್ಲ. ಜಯರಾಮ ರಾಸ್ ಅಲ್ ಖೋರಿನ ಗಾಡಿ ಬಿಡಿಭಾಗದ ಅಂಗಡಿಗೆ, ಗಣೇಶ ಬಟ್ಟೆ ಅಂಗಡಿಗೆ, ಶೋಭಾ ಕ್ಲಿನಿಕ್ಕಿನ ಕೆಲಸಕ್ಕೆ, ಅನಘಾ ಶಾಲೆಯ ಬಸ್ಸಿಗೆ. ವಿನುತಾ ಮಗುವನ್ನು ಮಲಗಿಸಲು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಫ್ರಿಜ್ಜಿನ ಗುಂಯ್ ಸದ್ದು, ನಾನು. ಕಿಟಕಿಯಲ್ಲಿ ಎದುರು ಕಟ್ಟಡದ ಎಸಿ ಡಬ್ಬಗಳು, ಎರಡು ಕಟ್ಟಡಗಳ ನಡುವೆ ಸೆರಗಿನಂಚಿನಷ್ಟು ಕ್ರೀಕ್ ಎಂಬ ಕಡಲ ಕಾಲುವೆಯ ನೀರು. ಕೆಲವೊಮ್ಮೆ ಆ ಅಂಚಿನಲ್ಲಿ ಒಂದು ಅಬ್ರಾ ದೋಣಿ ಜನರನ್ನು ತುಂಬಿಕೊಂಡು ಆಚೆ ದಡದ ದೇರಾ ಕಡೆಗೆ ಹಾದುಹೋಗುತ್ತಿತ್ತು. ಒಬ್ಬಳೇ ಇಳಿದು ದೇವಸ್ಥಾನದ ಓಣಿಯವರೆಗೆ ಹೋಗಲು ಧೈರ್ಯವಿರಲಿಲ್ಲ. ದಾರಿ ತಪ್ಪಿದರೆ ಯಾರನ್ನಾದರೂ ಕೇಳಬೇಕಲ್ಲ.

ಊರಿನಿಂದ ಬರುವಾಗ ನಾನು ತಂದ ಒಂದೇ ದೊಡ್ಡ ಸಾಮಾನು ಮೀನಿನ ಸಾರಿನ ಮಣ್ಣಿನ ಅಳಗೆ. ನಿಮ್ಮ ಅಜ್ಜನಿಗೆ ಬಂಗುಡೆ ಸಾರು ಬೇರೆ ಪಾತ್ರೆಯಲ್ಲಿ ಮಾಡಿದರೆ ಸೇರುತ್ತಿರಲಿಲ್ಲ. ಸೀರೆಗಳಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಒಂದು ದಿನ ವಿನುತಾ ಪಾಪ, ಅತ್ತೆಗೆ ಸಹಾಯವಾಗಲಿ ಎಂದು ಆ ಅಳಗೆಯನ್ನು ಸೋಪು ಹಾಕಿ ತಿಕ್ಕಿ ತೊಳೆದು ಕವುಚಿ ಇಟ್ಟಳು. ಅವಳು ಮುಂಬೈಯಲ್ಲಿ ಬೆಳೆದವಳು, ಅವರ ಮನೆಯಲ್ಲಿ ಮೀನೇ ಇರಲಿಲ್ಲ. ಮಣ್ಣಿನ ಪಾತ್ರೆ ನೀರು ಕುಡಿಯುವ ಹಾಗೆ ಸೋಪನ್ನೂ ಕುಡಿಯುತ್ತದೆ ಎಂದು ಅವಳಿಗೆ ಯಾರು ಹೇಳಿಕೊಡಬೇಕಿತ್ತು? ಆ ಶುಕ್ರವಾರ ಜಯರಾಮನ ಅಂಗಡಿಯವರು ಊಟಕ್ಕೆ ಬಂದಿದ್ದರು. ಸಾರು ಕುದಿ ಬಂದಾಗ ಮೇಲೆ ನೊರೆ ಎದ್ದಿತು, ನಿಂಬೆ ಸೋಪಿನ ಪರಿಮಳದ ನೊರೆ. ನೆಂಟರು ಬೇಳೆಸಾರು ಉಂಡು ಹೋದ ಮೇಲೆ ಶೋಭಾ ಅಡಿಗೆಮನೆಯಲ್ಲಿ ನಿಂತು ಹೇಳಿದಳು:

"ಮುಂಬೈಯವರಿಗೆ ಮಣ್ಣು ಅಂದ್ರೆ ಎಂತ ಗೊತ್ತುಂಟು? ಕುಂಡದಲ್ಲಿ ನೋಡಿದ್ದು ಮಾತ್ರ."

"ಗೊತ್ತಿರ್ಲಿಲ್ಲ ಅಕ್ಕ, ತೊಳೆದೆ. ಒಂದು ಮಡಕೆಗೆ ಇಷ್ಟು ಮರ್ಯಾದೆ ಕೊಡ್ತೀರಿ. ಮನೆಯಲ್ಲಿ ಮನುಷ್ಯರೂ ಇದ್ದಾರೆ, ಅವರಿಗೂ ಸ್ವಲ್ಪ ಮಿಗಿಸಿ."

"ಮಡಕೆ ಎದುರು ಮಾತಾಡುವುದಿಲ್ಲ, ಅದಕ್ಕೆ ಮರ್ಯಾದೆ."

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಳಗೆ ನನ್ನದು. 'ಅದು ಸರಿಯಾಗ್ತದೆ ಮಕ್ಕಳೇ, ಅಕ್ಕಿ ತೊಳೆದ ನೀರು ಕುದಿಸಿದರೆ ಸೋಪು ಬಿಡ್ತದೆ' ಎಂದು ನಾನು ಹೇಳಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತೋ ಏನೋ. ಹೇಳದೆ ಚಾವಡಿಗೆ ಹಿಂತಿರುಗಿದೆ. ಮರುದಿನದಿಂದ ಒಲೆಯ ಹಿಂದಿನ ಎರಡು ಉರಿ ಶೋಭಾಳದ್ದು, ಮುಂದಿನ ಎರಡು ವಿನುತಾಳದ್ದು ಎಂದಾಯಿತು. ಯಾರೂ ಹಾಗೆಂದು ಹೇಳಲಿಲ್ಲ, ಆದರೆ ಯಾರೂ ತಪ್ಪಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಾಗುವುದು ಗದ್ದೆ ಅಳೆದ ದಿನವಲ್ಲ, ಒಲೆ ಬೇರೆಯಾದ ದಿನ. ಇಲ್ಲಿ ಒಲೆ ಒಂದೇ, ಉರಿ ಬೇರೆ. ನಾನು ದಿನಾ ಅಕ್ಕಿ ತೊಳೆದ ನೀರನ್ನು ಅಳಗೆಯಲ್ಲಿ ಕುದಿಸಿ ಚೆಲ್ಲುತ್ತಿದ್ದೆ. ಒಂದು ದಿನ ಹಿಂದಿನ ಉರಿಯಲ್ಲಿ, ಒಂದು ದಿನ ಮುಂದಿನದರಲ್ಲಿ.

ಅನಘಾ, ನಿನ್ನ ಶಾಲೆಯ ಅರ್ಜೆಂಟೀನಾ ಮನೆಗೆ ಬಂದದ್ದು ಆ ದಿನಗಳಲ್ಲಿ. ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟಿದ್ದರು. ಆ ದೇಶ ಹೇಗೆ ಪ್ರಾಂತ್ಯಗಳಾಗಿ ಹಂಚಿಹೋಗಿದೆ ಎಂದು ನಕ್ಷೆ ಮಾಡಿ ವಿವರಿಸಬೇಕು. ನಿನಗೆ ಗೆರೆ ಸರಿಯಾಗಿ ಬರದೆ ಕಾಗದ ಹರಿದು ಅಳುತ್ತಿದ್ದೆ. ನಮ್ಮ ಶಾಲೆಯಲ್ಲಿ ನಕ್ಷೆ ತೆಗೆಯಲು ಒಂದು ಉಪಾಯವಿತ್ತು. ಬಿಳಿ ಹಾಳೆಗೆ ಹತ್ತಿಯಿಂದ ತೆಂಗಿನೆಣ್ಣೆ ಸವರಿ, ಹಳೆಯ ಪೇಪರಿನ ನಡುವೆ ಒತ್ತಿಟ್ಟು ಆರಿಸಿದರೆ ಅದು ಗಾಜಿನ ಹಾಗೆ ಆಗುತ್ತದೆ, ಕೆಳಗಿನ ಗೆರೆಯೆಲ್ಲ ಕಾಣುತ್ತದೆ. ಮಾಡಿಕೊಟ್ಟೆ. ನೀನು ಅಳು ಮರೆತು ಗೆರೆ ಎಳೆಯತೊಡಗಿದೆ. ಅಲ್ಲಿಯ ತನಕ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನೀನು ಇಂಗ್ಲಿಷಿನಲ್ಲಿ ಒಂದೇ ಮಾತಿನ ಉತ್ತರ ಕೊಟ್ಟು ಓಡುತ್ತಿದ್ದವಳು. ಆ ಸಂಜೆಗಳಲ್ಲಿ ಓಡಲಿಲ್ಲ. ಹೆಸರಿಗೊಂದು ಬಣ್ಣ ತುಂಬಲು ಬೇಳೆಕಾಳಿನ ಡಬ್ಬಗಳನ್ನು ನೆಲದ ಮೇಲಿಟ್ಟುಕೊಂಡು, ಕೊರ್ದೊಬಾಕ್ಕೆ ಹೆಸರುಬೇಳೆ, ಮೆಂಡೋಜಾಕ್ಕೆ ತೊಗರಿ, ಸಾಂತಾ ಕ್ರೂಜಿಗೆ ಸಾಸಿವೆ ಎಂದು ಅಂಟಿಸುತ್ತಾ ಕುಳಿತೆವು.

"ಎಷ್ಟು ಪ್ರಾಂತ್ಯ ಉಂಟು ಒಟ್ಟು?"

"ಟ್ವೆಂಟಿ ಥ್ರೀ. ಇಪ್ಪತ್ತ... ಮೂರು. ಮತ್ತೆ ಒಂದು ಸಿಟಿ. ಬ್ಯೂನಸ್ ಐರಿಸ್. ಅದು ಕ್ಯಾಪಿಟಲ್. ಅದು ಯಾವ ಪ್ರಾವಿನ್ಸಲ್ಲೂ ಇಲ್ಲ."

"ಯಾವುದರಲ್ಲೂ ಇಲ್ಲದೆ ಆಕಾಶದಲ್ಲಿ ಉಂಟಾ?"

"ಅಯ್ಯೋ ಅಜ್ಜಿ, ನೋಡಿ ಇಲ್ಲಿ. ನೀರಿನ ಸೈಡಲ್ಲಿ. ಸುತ್ತ ಇರೋ ಪ್ರಾವಿನ್ಸಿಗೂ ಬ್ಯೂನಸ್ ಐರಿಸ್ ಅಂತಲೇ ಹೆಸರು. ಆದ್ರೆ ಸಿಟಿ ಅವರದ್ದಲ್ಲ. ಅವರಿಗೆ ಬೇರೆ ಕ್ಯಾಪಿಟಲ್, ಲಾ ಪ್ಲಾಟಾ. ಫಸ್ಟ್ ಫೈಟ್ ಆಗಿತ್ತು. ಆಮೇಲೆ ಸಿಟಿಯನ್ನು ತೆಗೆದು ಎಲ್ಲರದ್ದು ಅಂತ ಮಾಡಿದ್ರು."

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ."

"ಯಾ, ಹಾಗೇ."

ಕೆಳಗಿನ ತುದಿಯಲ್ಲಿ ಒಂದು ತುಂಡು ಬೇರೆಯೇ ಬಿದ್ದಿತ್ತು. ಟಿಯೆರಾ ದೆಲ್ ಫ್ಯೂಗೊ, ಬೆಂಕಿಯ ನಾಡು ಎಂದು ಅರ್ಥ ಎಂದು ನೀನು ಹೇಳಿದೆ. ಅದೂ ಒಂದು ಪ್ರಾಂತ್ಯ, ಆದರೆ ಗಾಡಿಯಲ್ಲಿ ಹೋಗಬೇಕಾದರೆ ಚಿಲಿ ಎಂಬ ಬೇರೆ ದೇಶವನ್ನು ದಾಟಿಯೇ ಹೋಗಬೇಕಂತೆ. ತಮ್ಮದೇ ನಾಡಿಗೆ ಹೋಗಲು ಇನ್ನೊಬ್ಬರ ಹೊಸ್ತಿಲು ದಾಟಬೇಕು. ನನಗೆ ಅದು ಚೆನ್ನಾಗಿ ಅರ್ಥವಾಯಿತು. ಬಾಲ್ಕನಿಗೆ ಬಟ್ಟೆ ಹಾಕಲು ನಾನು ದಿನವೂ ವಿನುತಾಳ ಬಾಗಿಲು ತಟ್ಟಿ ನಿಲ್ಲುತ್ತಿದ್ದೆ. ಶೋಭಾ ತನ್ನ ಬಟ್ಟೆಯನ್ನು ಕೂಡ ನನ್ನ ಕೈಯಲ್ಲೇ ಕಳಿಸುತ್ತಿದ್ದಳು.

ಉಳಿದ ಎಣ್ಣೆ ಹಾಳೆಯಲ್ಲಿ ನೀನು ನಮ್ಮ ಫ್ಲ್ಯಾಟಿನ ನಕ್ಷೆ ಬರೆದೆ. ನಿನ್ನ ಅಪ್ಪನ ಕೋಣೆ ಕೊರ್ದೊಬಾ, ಚಿಕ್ಕಪ್ಪನ ಕೋಣೆ ಮೆಂಡೋಜಾ, ಬಾಲ್ಕನಿ ಬೆಂಕಿಯ ನಾಡು. ಅಡಿಗೆಮನೆಯ ನಡುವೆ, ಒಲೆಯ ಮೇಲೆಯೇ, ಕೆಂಪು ಪೆನ್ನಿನಲ್ಲಿ ಒಂದು ಗಡಿ. ಚಾವಡಿ ಬ್ಯೂನಸ್ ಐರಿಸ್. ಅದರೊಳಗೆ ಒಂದು ಸಣ್ಣ ಸೋಫಾ, ಸೋಫಾದ ಮೇಲೆ 'ಅಜ್ಜಿ' ಎಂದು ಕನ್ನಡದಲ್ಲಿ. ಜ್ಜ ಒತ್ತಕ್ಷರ ನಾನೇ ಕೈ ಹಿಡಿದು ಬರೆಸಿದ್ದು. ಫ್ರಿಜ್ಜಿಗೆ ಅಂಟಿಸಿದೆ. ಸಂಜೆ ಮನೆಗೆ ಬಂದ ಗಣೇಶ ನೀರಿನ ಬಾಟಲಿ ತೆಗೆಯುವಾಗ ನೋಡಿ ಮೊದಲು ನಕ್ಕ.

"ಏ ಅನು, ನನಗೆ ಮೆಂಡೋಜಾ ಕೊಟ್ಟದ್ದಾ? ಅಲ್ಲಿ ನೀರು ಉಂಟಾ?"

ಆಮೇಲೆ ಅವನ ಬೆರಳು ಒಲೆಯ ಮೇಲಿನ ಕೆಂಪು ಗೆರೆಗೆ ಬಂತು. ಹಿಂದೆ ಜಯರಾಮ ಬಂದು ನಿಂತಿದ್ದ. ಇಬ್ಬರೂ ಆ ಗೆರೆಯನ್ನೇ ನೋಡಿದರು. ಅವರಿಗೆ ಅಲ್ಲಿಯವರೆಗೆ ಅದು ಹೆಂಗಸರ ವಿಷಯ, ತಾವು ಕಾಣದ ಹಾಗೆ ಇದ್ದರೆ ಇಲ್ಲದ ಹಾಗೆಯೇ. ಈಗ ಮಗು ಬರೆದಿಟ್ಟಿತ್ತು. ಗಣೇಶ ಬಾಟಲಿಯನ್ನು ಕುಡಿಯದೆ ವಾಪಸು ಇಟ್ಟ. ಆ ತಿಂಗಳೇ ಅವನು ಅಬುಧಾಬಿಯಲ್ಲಿ ಕೆಲಸ ನೋಡಿಕೊಂಡ.

ಹೊರಡುವ ಮೊದಲಿನ ಶುಕ್ರವಾರ ಚಾವಡಿಯಲ್ಲಿ ನನ್ನ ಸೋಫಾದ ಎರಡು ತುದಿಗೆ ಇಬ್ಬರು ಮಕ್ಕಳೂ ಕುಳಿತರು. ನಾನು ನಡುವೆ. ಸೊಸೆಯಂದಿರು ತಮ್ಮ ತಮ್ಮ ಬಾಗಿಲಲ್ಲಿ. ಫ್ರಿಜ್ಜು ಯಾರಿಗೆ, ಮಿಕ್ಸಿ ಯಾರಿಗೆ ಎಂಬ ಮಾತು ಮುಗಿದ ಮೇಲೆ ನನ್ನ ಸರದಿ ಬಂತು.

"ಅಮ್ಮ ಆರು ತಿಂಗಳು ಇಲ್ಲಿರಲಿ, ಆರು ತಿಂಗಳು ಅಲ್ಲಿ," ಎಂದ ಜಯರಾಮ.

"ಬೇಸಿಗೆಯಲ್ಲಿ ನಮ್ಮಲ್ಲಿ. ವಿನುತಾಳಿಗೂ ಜನ ಆಗ್ತದೆ."

"ಅಪ್ಪನ ದಿನ?"

"ನಮ್ಮದು ನಾವು ಮಾಡ್ತೇವೆ ಅಣ್ಣ. ನಿಮ್ಮದು ನೀವು ಮಾಡಿ. ಬೇರೆಯಾದ ಮೇಲೆ ಹಾಗೆ ಅಲ್ವಾ ಕ್ರಮ?"

ಕ್ರಮ ಹಾಗೆಯೇ. ಒಲೆ ಬೇರೆಯಾದವರು ತೀರಿಹೋದವರಿಗೆ ಎಡೆಯನ್ನೂ ಬೇರೆಯಾಗಿ ಹಾಕುತ್ತಾರೆ. ನನ್ನನ್ನು ಆರಾರು ತಿಂಗಳು ಹಂಚಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಸೂಟ್‌ಕೇಸು ಹಿಡಿದು ಹೋಗಬಲ್ಲೆ. ಆದರೆ ಒಂದೇ ಸಂಜೆ ಎರಡು ಊರಲ್ಲಿ ಎರಡು ಎಲೆ ಎಂದಾಗ, ಯಾವ ಬಾಗಿಲಿಗೆ ಹೋಗುವುದೆಂದು ತಿಳಿಯದೆ ನಡುದಾರಿಯಲ್ಲಿ ನಿಂತ ನಿಮ್ಮ ಅಜ್ಜ ಕಣ್ಣಿಗೆ ಕಂಡರು. ಪರಊರಿನಲ್ಲಿ ದಾರಿ ಕೇಳಲು ಅವರಿಗೂ ನಾಚಿಕೆಯೇ ಆಗಿತ್ತು. ಮುಂಡಿನ ಗಂಟಿನಲ್ಲಿ ಚೀಟಿ ಇಟ್ಟುಕೊಂಡು ಹೋಗುತ್ತಿದ್ದ ಮನುಷ್ಯ. ನನ್ನ ಸ್ವರ ನನಗೇ ಬೇರೆಯವರ ಸ್ವರದಂತೆ ಕೇಳಿಸಿತು.

"ಎರಡು ಎಲೆ ಬೇಡ."

ಎಲ್ಲರೂ ನನ್ನ ಕಡೆ ತಿರುಗಿದರು. ಸೋಫಾ ಮಾತಾಡಿದ ಹಾಗೆ.

"ಎಂತ ಅಮ್ಮ?"

"ಉರಿ ಬೇರೆ ಮಾಡಿ, ಊರು ಬೇರೆ ಮಾಡಿ. ನಾನು ಬೇಡ ಹೇಳುವುದಿಲ್ಲ. ನಿಮ್ಮ ಅಪ್ಪನಿಗೆ ಒಂದೇ ಎಲೆ. ಒಂದು ದಿನಕ್ಕೆ ಒಂದು ಎಲೆ. ಅಷ್ಟು ಮಾಡಿ."

ಆ ಎಲೆ ಯಾರ ಮನೆಯಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟು ಹೇಳುವಷ್ಟರಲ್ಲಿ ನನ್ನ ಧೈರ್ಯ ಮುಗಿದಿತ್ತು.

ಆ ವರ್ಷ ನಿಮ್ಮ ಅಜ್ಜ ತೀರಿದ ದಿನ ಬಂದಾಗ ನಾನು ಅಬುಧಾಬಿಯಲ್ಲಿದ್ದೆ. ಅಣ್ಣತಮ್ಮಂದಿರ ನಡುವೆ ಫೋನು ನಿಂತುಹೋಗಿತ್ತು. ಹೊಸ ಮನೆಯಲ್ಲಿ ನನ್ನದು ಮತ್ತೆ ಚಾವಡಿ, ಮತ್ತೆ ಸೋಫಾ. ತನ್ಮಯ, ನೀನು ಬಿಟ್ಟರೆ ಹಗಲಿಡೀ ನನ್ನೊಡನೆ ಮಾತಾಡುವವರು ಇರಲಿಲ್ಲ, ನಿನಗೂ ಆಗ ಇದ್ದ ಮಾತು ಕಾರುಗಳದ್ದು ಮಾತ್ರ. ಹಿಂದಿನ ಸಂಜೆ ಗಣೇಶ ಪೇಪರಿನಲ್ಲಿ ಸುತ್ತಿದ ಬಾಳೆಲೆ ತಂದು ಹೇಳಿದ:

"ಅಮ್ಮ, ಅಣ್ಣ ಹಿರಿಯ. ಎಲೆ ಒಂದೇ ಅಂದ್ರೆ ಅವನ ಮನೆಯಲ್ಲೇ ಆಗಬೇಕು. ನನಗೆ ನಾಳೆ ಡ್ಯೂಟಿ ಉಂಟು. ನೀನು ಬೆಳಿಗ್ಗೆ ಬಸ್ಸಲ್ಲಿ ಹೋಗು. ನಾವು ಸಂಜೆ ಬರ್ತೇವೆ."

"ಅವನಿಗೆ ಹೇಳಿದ್ದೀಯಾ?"

"ನೀನು ಹೋದಾಗ ಗೊತ್ತಾಗ್ತದಲ್ಲ."

ಬೆಳಿಗ್ಗೆ ಎದ್ದರೆ ಅಡಿಗೆಮನೆಯಲ್ಲಿ ವಿನುತಾ ಮೂಗಿಗೆ ಸೆರಗು ಸುತ್ತಿಕೊಂಡು ಬಂಗುಡೆ ಸಾರು ಕುದಿಸುತ್ತಿದ್ದಳು. ಮೀನು ಮುಟ್ಟದವಳು. ನನ್ನ ಅಳಗೆಯಲ್ಲಿ. ಬಾಯಿಗೆ ಮುಚ್ಚಳ ಇಟ್ಟು, ಬಸ್ಸಿನಲ್ಲಿ ವಾಸನೆ ಬರಬಾರದೆಂದು ಸುತ್ತಲೂ ಮೈದಾಹಿಟ್ಟು ಮೆತ್ತಿ, ಬಟ್ಟೆ ಕಟ್ಟಿ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು.

"ಉಪ್ಪು ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ ಅತ್ತೆ. ಸೋಪು ಮಾತ್ರ ಹಾಕ್ಲಿಲ್ಲ. ನಾರಿನಲ್ಲೇ ತಿಕ್ಕಿದ್ದು."

ಬಸ್ಸಿನ ಉದ್ದಕ್ಕೂ ಆ ಬಿಸಿ ನನ್ನ ಮಡಿಲಿನಲ್ಲಿತ್ತು. ಹೊರಗೆ ಮರಳು, ತಂತಿಬೇಲಿ, ಎದುರು ದಿಕ್ಕಿಗೆ ಓಡುವ ಕಾರುಗಳು. ಅದರಲ್ಲೊಂದು ಜಯರಾಮನದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು? ಘುಬೈಬಾ ನಿಲ್ದಾಣದಲ್ಲಿ ಇಳಿದು, ಅಂಗಡಿಗಳ ಗುರುತು ಹಿಡಿದು, ಯಾರನ್ನೂ ಕೇಳದೆ ಮೊದಲ ಸಲ ಒಬ್ಬಳೇ ಮನೆ ಸೇರಿದೆ. ಬಾಗಿಲಿಗೆ ಬೀಗ. ನನ್ನ ಬೀಗದ ಕೈ ಸೆರಗಿನ ಪಿನ್ನಿನಲ್ಲೇ ಇತ್ತು. ಒಳಗೆ ಹುರಿದ ಮಸಾಲೆಯ ವಾಸನೆ, ತೊಳೆದು ಕವುಚಿದ ಪಾತ್ರೆ. ಜನ ಇಲ್ಲ. ಫೋನು ನೋಡಿದರೆ ಅದು ವಿನುತಾಳ ಅಡಿಗೆಮನೆಯಲ್ಲಿ ಚಾರ್ಜಿಗೆ ಇಟ್ಟಲ್ಲೇ ಉಳಿದಿತ್ತು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅಪ್ಪನ ದಿನ ಎಂದು ಗೊತ್ತಿದ್ದೇ ಇವರು ಎಲ್ಲೋ ಹೋಗಿದ್ದಾರೆ, ಒಂದೇ ಎಲೆ ಎಂದ ನನ್ನ ಮಾತು ಇವರಿಗೆ ಬೇಡವಾಗಿದೆ ಎಂದೇ ತಿಳಿದೆ. ಫ್ರಿಜ್ಜಿನ ಮೇಲೆ ಎಣ್ಣೆ ಹಾಳೆಯ ನಕ್ಷೆ ಹಾಗೆಯೇ ಇತ್ತು. ಮೆಂಡೋಜಾದಲ್ಲಿ ಈಗ ಯಾರೂ ಇಲ್ಲ. ಒಂದು ಬಾಗಿಲನ್ನೂ ತಟ್ಟದೆ ಬಾಲ್ಕನಿಗೆ ಹೋಗಿ ಕ್ರೀಕನ್ನು ನೋಡಿ ಬಂದೆ. ಹಾಗೆ ಹೋಗಲು ಸಿಕ್ಕಿದರೂ ಸಂತೋಷವಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅನ್ನ ಮಾಡಿ, ಚಾವಡಿಯ ನೆಲ ಒರೆಸಿ, ಸೋಫಾ ಸರಿಸಿ ಎಲೆ ಹಾಕಿದೆ. ಮೈದಾ ಒಡೆದು ಸಾರು ಬಡಿಸಿದೆ. ಎಡೆ ಹಾಕಿದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಬಂದವರು ಸಂಕೋಚವಿಲ್ಲದೆ ಉಣ್ಣಬೇಕಲ್ಲ. ಊರಿನಲ್ಲಾದರೆ ಅಂಗಳ ಇತ್ತು. ಇಲ್ಲಿ ಚಾವಡಿಯ ಹೊರಗೆ ಕಟ್ಟಡದ ಕಾರಿಡಾರು. ಬಾಗಿಲು ಎಳೆದುಕೊಂಡು ನಿಂತೆ. ಆ ಕಾರಿಡಾರಿನ ದೀಪ ಯಾರಾದರೂ ಅಲ್ಲಾಡಿದರೆ ಉರಿಯುವಂಥದ್ದು. ನಾನು ಅಲ್ಲಾಡದೆ ನಿಂತಿದ್ದರಿಂದ ಆರಿಹೋಯಿತು. ಕೈ ಆಡಿಸಿದೆ, ಬಂತು. ಮತ್ತೆ ಆರಿತು. ಆಮೇಲೆ ಕೈ ಆಡಿಸಲಿಲ್ಲ.

ಲಿಫ್ಟಿನ ಬಾಗಿಲು ತೆರೆದಾಗ ದೀಪ ಹತ್ತಿಕೊಂಡಿತು. ಮೊದಲು ತನ್ಮಯ, ಅವನ ಕೈ ಹಿಡಿದ ಅನಘಾ, ಸ್ಟೀಲ್ ಕ್ಯಾರಿಯರ್ ಹಿಡಿದ ಶೋಭಾ, ನನ್ನ ಫೋನು ಹಿಡಿದ ವಿನುತಾ. ಹಿಂದೆ ಜಯರಾಮ, ಗಣೇಶ, ಒಂದೇ ಲಿಫ್ಟಿನಲ್ಲಿ ಭುಜಕ್ಕೆ ಭುಜ. 'ಅಮ್ಮ ಇದ್ದಲ್ಲೇ ಎಲೆ' ಎಂದುಕೊಂಡು ಜಯರಾಮ ಬೆಳಿಗ್ಗೆ ಸಾರು ತುಂಬಿಸಿಕೊಂಡು, ತಮ್ಮನಿಗೆ ಹೇಳದೆ, ಅಬುಧಾಬಿಗೆ ಹೊರಟಿದ್ದನಂತೆ. ನಾನು ಬಸ್ಸು ಹತ್ತಿದ್ದೇನೆ ಎಂದು ವಿನುತಾ ಬಾಗಿಲಲ್ಲೇ ಹೇಳಿದಳಂತೆ. ಗಣೇಶನ ಡ್ಯೂಟಿ ಮುಗಿಯುವ ತನಕ ತಮ್ಮನ ಮನೆಯ ಸೋಫಾದಲ್ಲಿ ಕಾದು ಕುಳಿತು, ಎಲ್ಲರೂ ಒಂದೇ ಕಾರಿನಲ್ಲಿ ತುಂಬಿಕೊಂಡು ಬಂದಿದ್ದರು.

"ಅಜ್ಜಿ, ಹೊರಗೆ ಯಾಕೆ ನಿಂತಿದ್ದು? ಬೀಗ ಬಿತ್ತಾ?" ಎಂದ ತನ್ಮಯ.

"ಇಲ್ಲ ಮಗಾ. ಒಳಗೆ ಅಜ್ಜ ಉಣ್ಣುತ್ತಿದ್ದಾರೆ."

ಎಲ್ಲರೂ ಅಲ್ಲೇ ಗೋಡೆಗೆ ಒರಗಿ ನಿಂತರು. ನಾವು ಏಳು ಜನ ಮತ್ತೆ ಒಂದೇ ಕಡೆ. ಶೋಭಾ ಕ್ಯಾರಿಯರನ್ನು ಕೆಳಗಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು:

"ಸಾರು ಯಾರು ಮಾಡಿದ್ದು ಅತ್ತೆ?"

"ವಿನುತಾ."

"ನೊರೆ ಬಂತಾ?"

ವಿನುತಾ ನೆಲ ನೋಡಿದಳು. ಮೊದಲು ನಕ್ಕದ್ದು ಯಾರು ಎಂದು ನನಗೆ ತಿಳಿಯಲಿಲ್ಲ. ಒಳಗೆ ಕೇಳಿಸಬಾರದೆಂದು ಇಬ್ಬರೂ ಸೆರಗು, ದುಪಟ್ಟ ಬಾಯಿಗೆ ಒತ್ತಿಕೊಂಡಿದ್ದರು.

"ತಟ್ಟು ಅಮ್ಮ, ಆಯ್ತು," ಎಂದ ಜಯರಾಮ. ನಾನು ತಟ್ಟಿ ಬಾಗಿಲು ತೆರೆದೆ. ಎಲೆ ಹಾಕಿದ ಹಾಗೆಯೇ ಇತ್ತು. ಶೋಭಾ ತನ್ನ ಸಾರನ್ನು ಅದೇ ಎಲೆಯಲ್ಲಿ ವಿನುತಾಳ ಸಾರಿನ ಪಕ್ಕಕ್ಕೆ ಬಡಿಸಿದಳು. ವಿನುತಾಳದ್ದಕ್ಕೆ ಉಪ್ಪೇ ಇರಲಿಲ್ಲ, ಯಾರೂ ಹೇಳಲಿಲ್ಲ.

ಅಂದು ಉಂಡು ಗಣೇಶನವರು ತಮ್ಮ ಮನೆಗೆ ಹೋದರು. ಒಲೆಗಳು ಬೇರೆಯೇ ಉಳಿದವು, ಫೋನು ಮಾತ್ರ ಶುರುವಾಯಿತು. ನೀವು ಈಗ ನನಗಿಂತ ಎತ್ತರ, ನಿಮ್ಮ ಮಾತು ನಿಮ್ಮ ಗೆಳೆಯರ ಜೊತೆ. ನಾನು ಆರಾರು ತಿಂಗಳಿಗೆ ಅಳಗೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತೇನೆ. ವರ್ಷಕ್ಕೊಂದು ಸಂಜೆ ಒಂದೇ ಎಲೆ ಹಾಕಿ, ನಾನಿದ್ದ ಚಾವಡಿಯ ಬಾಗಿಲು ಎಳೆದುಕೊಂಡು ಎಲ್ಲರಿಗಿಂತ ಮೊದಲು ಹೊರಗೆ ನಿಲ್ಲುತ್ತೇನೆ. ದೀಪ ಆರುತ್ತದೆ. ಲಿಫ್ಟಿನ ಸದ್ದು ಕೇಳುತ್ತಾ ಇರುತ್ತೇನೆ.